ಸ್ಟ್ರೀಮರಿನ ಗೊರಕೆ

ಎಲ್ಡನ್ ಕನ್ನಡಕದ ಬಟ್ಟೆಯಿಂದ ಸಿಡಿ ಒರೆಸುತ್ತಿದ್ದ. ನಡುವಿನಿಂದ ಅಂಚಿಗೆ, ಮತ್ತೆ ನಡುವಿನಿಂದ ಅಂಚಿಗೆ. ಹೆಂಡತಿ ಆರ್ಡಿಸ್ ಬಾಗಿಲಿಗೊರಗಿ ನೋಡುತ್ತಿದ್ದಳು. ಅವಳು ಮಾತಾಡದೆ ನಿಂತರೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಭಯ.

ಅಮೆರಿಕದ ಡುಲುತ್ ಊರಿನ ಆ ಮನೆಗೆ ಹೊಸ ಸ್ಟ್ರೀಮರ್ ಬಂದಿತ್ತು. ಚಳಿಗಾಲವಿಡೀ ಎಲ್ಡನ್ ಆಸೆಪಟ್ಟು ಕೊಂಡದ್ದು. ಇಂಟರ್‌ನೆಟ್ಟಿನ ಹಾಡುಗಳನ್ನು ಅದು ಸೊಗಸಾಗಿ ನುಡಿಸುತ್ತಿತ್ತು. ಹಳೆಯ ಸಿಡಿ ಪ್ಲೇಯರನ್ನು ಅದಕ್ಕೆ ಜೋಡಿಸಿ ಚರ್ಚಿನ ಗಾಯನ ತಂಡದ ಸಿಡಿ ಮೊದಲ ಸಲ ಹಾಕಿದಾಗ ಮಾತ್ರ, ನೆಗಡಿ ಹಿಡಿದ ಕರಡಿ ಗೊರಕೆ ಹೊಡೆದಂತೆ ಗರಗರ. ಅದರಲ್ಲಿ ಆರ್ಡಿಸ್ ಒಬ್ಬಳೇ ಹಾಡಿದ ಎರಡು ಸಾಲುಗಳಿದ್ದವು.

"ಸಂಜೆ ತಂಡದವರೆಲ್ಲ ಬರ್ತಾರೆ," ಎಂದಳು ಕೊನೆಗೆ. "ಅಷ್ಟರೊಳಗೆ ನನ್ನ ದನಿ ನಂದೇ ಅನ್ನಿಸ್ಬೇಕು. ಇಲ್ದಿದ್ರೆ ಆ ಡಬ್ಬ ನಾಳೆ ಅಂಗಡಿಗೆ ವಾಪಸ್."

ಪಕ್ಕದ ಮನೆಯ ಡ್ವೇನ್ ಕರೆಯದೆಯೇ ಬಂದ. ತಂಡದ ಹಾಡು ಮುದ್ರಿಸಿ ಮನೆಮನೆಗೆ ಸಿಡಿ ಹಂಚಿದವನು ಅವನೇ. ಹಾಗಾಗಿ ಸದ್ದಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ.

"ತಂತಿ ಕಣಯ್ಯಾ, ತಂತಿ! ಇದೇನು, ಶೂಗೆ ಕಟ್ಟೋ ಲಾಡಿನಾ?" ಎಂದು ಹೆಬ್ಬಾವಿನಂಥ ತಂತಿ ತಂದು ಸಿಕ್ಕಿಸಿದ. ಗರಗರ.

ಎದುರು ಮನೆಯ ಮಾರ್ಲಿಸ್ ಇಣುಕಿದಳು. "ಫ್ರಿಜ್ ಆರಿಸಿ ನೋಡಿ. ಎಲ್ಲಾ ಅದರದ್ದೇ ಕಿತಾಪತಿ."

ಆರಿಸಿದರು. ಗರಗರ ಹೋಗಲಿಲ್ಲ, ಐಸ್‌ಕ್ರೀಮ್ ಹೋಯಿತು.

ಅಂಗಡಿಗೆ ಫೋನ್ ಮಾಡಿದರೆ, "ಪ್ಲೇಯರಿಂದ ಬರೋ ಸದ್ದು ಜೋರಾಗಿರ್ಬೇಕು ಸರ್, ಸ್ಟ್ರೀಮರಿನ ಇನ್‌ಪುಟ್ ಮಟ್ಟ ಇಳಿಸಿ," ಎಂದರು. ಇಳಿಸಿದ. ಕರಡಿ ಪಕ್ಕದ ಕೋಣೆಗೆ ಹೋಗಿ ಗೊರಕೆ ಹೊಡೆಯಿತು, ಅಷ್ಟೆ.

ಸಲಹೆಗಾರರು ಊಟಕ್ಕೆ ಹೋದ ಮೇಲೆ ಎಲ್ಡನ್ ಬೇಸತ್ತು ತನ್ನ ಹಳೆಯ ಪೋಲ್ಕಾ ಕುಣಿತದ ಸಿಡಿ ಹಾಕಿದ. ಅಕಾರ್ಡಿಯನ್ ತಿಳಿನೀರಿನಂತೆ ಹರಿಯಿತು!

"ಆರ್ಡಿಸ್, ಬಾರೇ ಇಲ್ಲಿ!"

ಅವಳು ಬಂದು ಕೇಳಿದಳು, ನಕ್ಕಳು. "ಈಗ ನಮ್ದು ಹಾಕು."

ಗರಗರ.

ಇಬ್ಬರೂ ಮುಖಮುಖ ನೋಡಿಕೊಂಡರು. ಕೆಟ್ಟದ್ದು ಯಂತ್ರವಲ್ಲ, ಸಿಡಿ. ಕಾಗದದ ಗಿರಣಿಯ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದ ಡ್ವೇನನ ಕಿವಿಗೆ ಯಾವ ಸದ್ದೂ ಸಾಲದು. ಮುದ್ರಿಸುವಾಗಲೇ ಸದ್ದನ್ನು ದನಿ ಒಡೆಯುವಷ್ಟು ಏರಿಸಿಬಿಟ್ಟಿದ್ದ.

"ಹೇಳ್ಬಿಡ್ತೀನಿ ಅವನಿಗೆ," ಎಂದ ಎಲ್ಡನ್.

"ಹೇಳು, ನೋಡ್ತೀನಿ! ಪಾಪ, ಅಷ್ಟು ಅಕ್ಕರೆಯಿಂದ ಮಾಡಿದಾನೆ. ಮುಖದ ಮೇಲೆ ಹೇಳೋದಾ?"

ಆ ಊರಿನಲ್ಲಿ ಯಾರೂ ಯಾರ ಮುಖದ ಮೇಲೂ ಏನೂ ಹೇಳುವುದಿಲ್ಲ. ತೀರಾ ತಡೆಯಲಾಗದಿದ್ದರೆ 'ಬೇರೆ ಥರ ಇದೆ' ಎನ್ನುತ್ತಾರೆ.

ಸಂಜೆ ಎಲ್ಲರೂ ನಿಂಬೆ ಬಾರ್ ಎಂಬ ಸಿಹಿ ತುಂಡು ತಿನ್ನುತ್ತ, ಕಾಫಿ ಹೀರುತ್ತ ಗರಗರವನ್ನು ಭಕ್ತಿಯಿಂದ ಕೇಳಿದರು.

"ಬೇರೆ ಥರ ಇದೆ," ಎಂದರು ಪಾದ್ರಿಯ ಹೆಂಡತಿ.

"ನಮ್ಮನೇಲೂ ಥೇಟ್ ಹೀಗೇ! ಅದಕ್ಕೇ ಪ್ಲೇಯರ್ ಎಸೆದು..." ಎಂದ ಮಾರ್ಲಿಸ್ ತಟ್ಟನೆ ತುಟಿ ಕಚ್ಚಿಕೊಂಡಳು.

"ನಾವು ಸ್ಪೀಕರ್ ಬದಲಾಯಿಸಿದ್ವಿ," ಎಂದಿತು ಮೂಲೆಯ ಇನ್ನೊಂದು ದನಿ, ಮೆಲ್ಲಗೆ. ಎಲ್ಲರ ಕಣ್ಣೂ ಕಾಫಿ ಲೋಟದೊಳಗೆ ಇಳಿದವು.

ಡ್ವೇನ್ ಒಬ್ಬನೇ ತಲೆಯೆತ್ತಿ ಕುಳಿತಿದ್ದ. "ಈಗಿನ ಯಂತ್ರಗಳೇ ಹೀಗೆ! ಎಲ್ಡನ್, ನಾಳೇನೇ ವಾಪಸ್ ಕೊಡು ಮಾರಾಯಾ, ನನ್ನ ಗಾಡೀಲೇ ಕರ್ಕೊಂಡು ಹೋಗ್ತೀನಿ. ಮುಂದಿನ ಸಲ ಇನ್ನೂ ಜೋರಾಗಿ ಮುದ್ರಿಸ್ತೀನಿ. ಎಂಥ ಡಬ್ಬದಲ್ಲಾದ್ರೂ ಕೇಳ್ಬೇಕು!"

"ಕೊಡ್ತಾನೆ ಬಿಡು," ಎಂದಳು ಆರ್ಡಿಸ್.

ಎಲ್ಡನ್ ಪೋಲ್ಕಾ ಸಿಡಿ ಹಿಡಿದು ಎದ್ದು ನಿಂತ. ತಟ್ಟೆಯಲ್ಲಿ ಯಾರೂ ಮುಟ್ಟದ ಕೊನೆಯ ಬಾರ್ ಒಂದು ಉಳಿದಿತ್ತು; ಕೊನೆಯದಕ್ಕೆ ಕೈ ಹಾಕುವುದು ಆ ಊರಿನಲ್ಲಿ ಮರ್ಯಾದೆಯಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಒಂದೇ ಒಂದು ಸಲ, ಬೇರೆ ಸಿಡಿ ಹಾಕ್ಲಾ?"