ಯಾರನ್ನು ಕೇಳಿ ಹೇಳಿದರು?

೧

ಗಂಗೊಳ್ಳಿ ಐಸ್ ಪ್ಲಾಂಟಿನ ಹೊರಗಿನ ಬೆಂಚಿನಲ್ಲಿ ನಾವು ಮೂವರು ಪೇಪರ್ ಓದುತ್ತಿದ್ದೆವು. ನಿವೃತ್ತ ಮೇಷ್ಟ್ರು, ಬೋಟು ನಡೆಸಿ ಮುದುಕನಾದ ತಾಂಡೇಲ, ನಾನು. ಗಲ್ಫ್ ಕಡೆ ಯುದ್ಧ. ನಮ್ಮ ದೊಡ್ಡ ನಾಯಕರೊಬ್ಬರು ಸಭೆಯಲ್ಲಿ ಒಂದು ಕಡೆಯವರಿಗೆ "ನಾವು ನಿಮ್ಮ ಜೊತೆ" ಎಂದುಬಿಟ್ಟಿದ್ದರು.

"ಯಾರತ್ರ ಕೇಂಡ್ ಹೇಳ್ದ್ರ್?" ಎಂದ ತಾಂಡೇಲ.

ಮೇಷ್ಟ್ರು ಸಂವಿಧಾನದ ಪುಸ್ತಕ ತಂದು ಎರಡು ದಿನ ಓದಿದರು. "ಸೇನೆ ರಾಷ್ಟ್ರಪತಿ ಕೈಯಗೆ. ಅವ್ರ್ ಮಂತ್ರಿಗಳು ಹೇಳ್ದಂಗ್ ನಡೀಕ್. ಯುದ್ಧಕ್ಕೆ ಮೊದ್ಲ್ ಸಂಸತ್ತನ್ನ ಕೇಣ್ಕ್ ಅಂತ ಎಲ್ಲೂ ಇಲ್ಲ ಮಾರಾಯ."

"ಬೋಟಲ್ಲೂ ಹಾಂಗೇ," ಎಂದ ತಾಂಡೇಲ. "ತಾಂಡೇಲ ಯಾರನ್ನೂ ಕೇಂಬುದಿಲ್ಲ."

"ಮತ್ತೆ ನಿಂಗ್ ಎಂತ ಸಿಟ್ಟ್?"

"ಬೋಟ್ ಮುಳ್ಗ್ರೆ ತಾಂಡೇಲನೂ ಅದ್ರಗೇ ಇರ್ತ."

೨

ಮೀನು ಮಾರುವ ಅಕ್ಕ ದಿನಾ ಐಸಿಗೆ ಬರುತ್ತಿದ್ದಳು, ನಮ್ಮ ವಾದವನ್ನೂ ಕೇಳುತ್ತಿದ್ದಳು. ಒಬ್ಬನೇ ಮಗ ಆ ಯುದ್ಧದ ಕಡಲಿನಲ್ಲೇ ಸರಕು ಹಡಗಿನಲ್ಲಿದ್ದ. ಐದು ದಿನದಿಂದ ಫೋನಿಲ್ಲ.

"ಹ್ವಾಯ್, ನಿಮ್ದ್ ತೀರ್ಮಾನ ಆಯ್ತಾ?"

"ಆಯ್ತ್ ಮಾರಾಯ್ತಿ," ಎಂದರು ಮೇಷ್ಟ್ರು. "ಪುಸ್ತಕದಗೆ ಇಲ್ದಿದ್ರೂ, ಸಂಸತ್ತನ್ನ ಕೇಣದೆ ಯಾರೂ ಬೇರೆ ದೇಶಕ್ಕೆ ಮಾತ್ ಕೊಡೂಕಾಗ. ಮೂರ್ ಜನವೂ ಒಪ್ಪಿತ್."

"ಹಾಂಗಾರೆ ಯುದ್ಧ ನಿಲ್ಲತ್ತಾ?"

ತಾಂಡೇಲ ಅವಳ ಬುಟ್ಟಿಗೆ ಎರಡು ಹಿಡಿ ಐಸ್ ಹೆಚ್ಚು ಹಾಕಿದ. ನಮಗಿದ್ದ ಅಧಿಕಾರ ಅಷ್ಟೇ.

೩

ಪಂಚಾಯತ್ ಚುನಾವಣೆಯ ಅಭ್ಯರ್ಥಿ ಕೈಮುಗಿದು ಬಂದ. ಯುದ್ಧ ನಿಲ್ಲತ್ತಾ ಎಂದು ಅಕ್ಕ ಅವನನ್ನೂ ಕೇಳಿದಳು.

"ಅಕ್ಕ, ಯುದ್ಧ ನಮ್ ವಾರ್ಡಿಗೆ ಬತ್ತಿಲ್ಲೆ. ದಾರಿದೀಪ ಬೇಕಾರೆ ಹೇಳಿ."

ಮಾತಿಗೆ ತಪ್ಪಲಿಲ್ಲ. ಮರುದಿನವೇ ಅವಳ ಮನೆ ಮುಂದೆ ದೀಪ ಬಂತು. ಮೂರನೆಯ ಸಂಜೆ ಸುದ್ದಿ ತಂದವರು ಅದೇ ಬೆಳಕಿನಲ್ಲಿ ಬಾಗಿಲು ಹುಡುಕಿದರು. ಹಡಗಿಗೆ ಕ್ಷಿಪಣಿ ಬಿದ್ದಿತ್ತು.

೪

ಮಗನ ಶವದ ಪೆಟ್ಟಿಗೆ ಕುಂದಾಪುರದವರೆಗೆ ಆಂಬ್ಯುಲೆನ್ಸಿನಲ್ಲಿ ಬಂತು. "ಅವ ಹೋದ್ದ್ ದೋಣಿಯಗೆ. ದೋಣಿಯಗೇ ಬರ್ಲಿ," ಎಂದಳು ಅಕ್ಕ. ನಾವು ಮೂವರು ದೋಣಿ ತಕೊಂಡು ಹೊಳೆಯ ಆಚೆ, ಕುಂದಾಪುರದ ದಡಕ್ಕೆ ಹೋದೆವು.

ಭಾಷಣ ಮಾಡಿದ ನಾಯಕರೇ ಹಾರ ಹಿಡಿದು ನಿಂತಿದ್ದರು. ತಾಯಿಯನ್ನು ಕಾಣಬೇಕು, ನಾನೂ ದಾಟುತ್ತೇನೆ ಎಂದರು. ಅಂಗರಕ್ಷಕ ತಡೆದ. ಅವರು ಹೊಳೆ ದಾಟಲು ಪೊಲೀಸ್, ಬಂದರು, ಜಿಲ್ಲಾಡಳಿತ, ಮೂರೂ ಕಡೆಯ ಒಪ್ಪಿಗೆ ಬೇಕಂತೆ.

"ಹೊಳೆಗೆ ಮೂರ್ ಒಪ್ಪಿಗೆ," ಎಂದ ತಾಂಡೇಲ.

ಅರ್ಧ ಗಂಟೆ ಕಾದೆವು. ಒಪ್ಪಿಗೆ ಬರಲಿಲ್ಲ. ನಾಯಕರು ಹಾರವನ್ನು ದೋಣಿಗೇರಿಸಿದ್ದ ಪೆಟ್ಟಿಗೆಯ ಮೇಲಿಟ್ಟು ಕಾರು ಹತ್ತಿದರು.

ತಾಂಡೇಲ ಯಾರನ್ನೂ ಕೇಳದೆ ದೋಣಿ ಬಿಟ್ಟ.