ವಂದನಾರ್ಪಣೆಗೆ ಮುನ್ನ ಆಮ್ಲ ಸ್ರವಿಸತಕ್ಕದ್ದಲ್ಲ

ಹಲಸೂರಿನ ಉದರ ಕ್ಷೇಮ ಪ್ರಾಧಿಕಾರದಲ್ಲಿ ವಂದನಾರ್ಪಣೆ ಮುಗಿಯದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಇದು ಪ್ರಾಧಿಕಾರ ಹುಟ್ಟಿದಂದಿನಿಂದ ಬಂದ ಪದ್ಧತಿ. ಹೊಟ್ಟೆಯ ಆರೋಗ್ಯದ ಬಗ್ಗೆ ಜನರಿಗೆ ತಿಳುವಳಿಕೆ ಕೊಡುವುದೇ ನಮ್ಮ ಕೆಲಸವಾದ್ದರಿಂದ ದಿನ ಬಿಟ್ಟು ದಿನ ಸಮಾರಂಭ ಇದ್ದೇ ಇರುತ್ತದೆ. ಶಿವಾಜಿನಗರದಿಂದ ಬಿರಿಯಾನಿ ಹಂಡೆ ಮಧ್ಯಾಹ್ನಕ್ಕೆ ಮೊದಲೇ ಬಂದು ಸಭಾಂಗಣದ ಹಿಂದೆ ಕೂತಿರುತ್ತದೆ. ಮುಖ್ಯ ಅತಿಥಿಗಳು ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಕೂತಿರುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ತಪ್ಪು ಇದ್ದದ್ದು ಗುಮಾಸ್ತ ಮುನಿರಾಜುವಿನ ಜಠರದಲ್ಲಿ. ಅಲ್ಲಿ ಹುಣ್ಣಾಗಿತ್ತು. ಹಂಡೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗುತ್ತಿದ್ದ. ಒಮ್ಮೆ ಸ್ವಾಗತ ಭಾಷಣದ ನಡುವೆಯೇ ಕುಸಿದು ಅತಿಥಿಗಳಿಗೆ ತಂದ ಹಾರದ ಮೇಲೆ ಬಿದ್ದ. ಹಾರ ಹಾಳಾಯಿತು. ಆಗ ಪ್ರಾಧಿಕಾರ ಎಚ್ಚೆತ್ತುಕೊಂಡಿತು.

ವೈದ್ಯೆ ಬಿಲ್ಕೀಸ್ ಅವರನ್ನು ಕರೆಸಲಾಯಿತು. ವಾಸನೆ ಬಂದ ಕೂಡಲೇ ಮಿದುಳು ನರದ ಮೂಲಕ ಜಠರಕ್ಕೆ ಸುದ್ದಿ ಮುಟ್ಟಿಸುತ್ತದೆ, ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬೀಳುತ್ತದೆ, ರಕ್ತದಲ್ಲಿ ಗ್ಯಾಸ್ಟ್ರಿನ್ ಬರುತ್ತದೆ, ನೆರೆಯ ಕೋಶಗಳು ಹಿಸ್ಟಮಿನ್ ಬಿಡುತ್ತವೆ, ಈ ಮೂರೂ ಬಂದು ಬಾಗಿಲು ತಟ್ಟಿದರೆ ಜಠರದ ಕೋಶಗಳು ಪಂಪು ಚಾಲೂ ಮಾಡಿ ಆಮ್ಲ ಸುರಿಯುತ್ತವೆ ಎಂದು ಅವರು ವಿವರಿಸಿದರು. ಅನ್ನ ಬಾರದೆ ಆಮ್ಲವೊಂದೇ ಬಂದರೆ ಹುಣ್ಣು ಉರಿಯದೆ ಇನ್ನೇನಾದೀತು, ಇವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿಬಿಡಿ ಎಂದರು.

ಅಧ್ಯಕ್ಷರಾದ ಮುನಿಆಂಜನಪ್ಪನವರು ಊಟದ ಮಾತನ್ನು ಬದಿಗಿಟ್ಟರು.

“ಮೇಲಿನವರ್ನ ಕೇಳ್ದೇನೇ ಪಂಪ್ ಆನ್ ಮಾಡ್ಬಿಡ್ತಾವಾ ಡಾಕ್ಟ್ರೇ?”

“ಮೇಲಿನವರು ಅಂದ್ರೆ ಮಿದುಳೇ ಸರ್. ಅದೇ ಹೇಳಿ ಕಳಿಸೋದು.”

“ಮಿದುಳಿಗಿಂತ ಮೇಲೆ ನಾನಿದೀನಲ್ರೀ.”

ಮರುದಿನವೇ ಪ್ರಕಟಣೆ ಹೊರಬಿತ್ತು: “ಈ ಆವರಣದಲ್ಲಿ ವಂದನಾರ್ಪಣೆಗೆ ಮುನ್ನ ಯಾವುದೇ ನೌಕರನ ಜಠರವು ಆಮ್ಲ ಸ್ರವಿಸತಕ್ಕದ್ದಲ್ಲ. ತಪ್ಪಿದಲ್ಲಿ ಸದರಿ ಜಠರದ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.” ಬಿರಿಯಾನಿ ಎಂಬ ಪದಕ್ಕೆ ಬದಲಾಗಿ ‘ಸದರಿ ಪದಾರ್ಥ’ ಎನ್ನಬೇಕೆಂದಾಯಿತು. ಊಟವನ್ನು ನೆನೆದರೂ ಆಮ್ಲ ಬರುತ್ತದೆಂದು ಬಿಲ್ಕೀಸ್ ಬಾಯಿ ತಪ್ಪಿ ಹೇಳಿಬಿಟ್ಟರು. ಹಾಗೆ ನೆನಪಾದವರು ತಕ್ಷಣ ಆಡಿಟ್ಟನ್ನು ನೆನೆಯತಕ್ಕದ್ದು ಎಂಬ ತಿದ್ದುಪಡಿ ಬಂತು.

ಹೇಳಿದರೆ ನಂಬುವುದಿಲ್ಲ, ಹೊಟ್ಟೆಗಳು ಕಲಿತವು. ಮಳೆಗಾಲ ಮುಗಿಯುವ ಹೊತ್ತಿಗೆ ಹಂಡೆಯ ಮುಚ್ಚಳ ತೆರೆದರೂ ಮುನಿರಾಜು ನೆಟ್ಟಗೆ ನಿಂತಿರುತ್ತಿದ್ದ. ನಿರೂಪಕಿ ಮೋನಿಷಾ ಮೈಕಿನಲ್ಲಿ “ಕೊನೆಯದಾಗಿ” ಅಂದೊಡನೆ ಇಡೀ ಸಭಾಂಗಣದ ಹೊಟ್ಟೆಗಳು ಒಟ್ಟಿಗೆ ಗುರ್ ಎನ್ನುತ್ತಿದ್ದವು. ಆಮ್ಲವೂ ಅನ್ನವೂ ಜೊತೆಜೊತೆಗೆ ಬಂದು ಹುಣ್ಣು ಮಾಯಿತು. ನಮಗೆಲ್ಲ ಕಣ್ಣು ತುಂಬಿ ಬಂತು.

ಆದರೆ ಮುನಿರಾಜುವಿನ ಹೆಂಡತಿ ಭವ್ಯ ಕೆ.ಆರ್. ಪುರದಿಂದ ಕಚೇರಿಗೇ ಬಂದಳು. ಬಸ್ಸಾರು, ಮುದ್ದೆ ಮುಂದಿಟ್ಟರೂ ಗಂಡ ಆಡಿಟ್ ನೆನೆಯುತ್ತಾ ಕೂತಿರುತ್ತಾನಂತೆ. ಒಂದು ತುತ್ತೂ ಇಳಿಯುವುದಿಲ್ಲ, ಇಳಿದರೆ ಅರಗುವುದಿಲ್ಲ.

“ಇವ್ರು ಹೀಗೇ ಸೊರಗಿದ್ರೆ ನನ್ ಗತಿಯೇನು ಸರ್?” ಅಂದಳು.

ಅಧ್ಯಕ್ಷರು ಕರಗಿದರು. ಮನೆಯಲ್ಲಿ ವಂದನಾರ್ಪಣೆ ಮಾಡುವ ಅಧಿಕಾರವನ್ನು ಭವ್ಯಳಿಗೆ ಅಲ್ಲೇ ಪ್ರದಾನ ಮಾಡಿದರು.

ಈಗ ದಿನಾ ರಾತ್ರಿ ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ನಿಲ್ಲುತ್ತಾಳೆ. ಸೊಪ್ಪು ಮಾರುವ ಜಟ್ಟೆಮ್ಮನವರಿಗೆ, ನೀರು ಬಿಟ್ಟ ವಾಲ್ವ್‌ಮನ್‌ಗೆ, ಬಿಡುವು ಮಾಡಿಕೊಂಡು ಆಗಮಿಸಿದ ಪತಿಗೆ ವಂದನೆ ಸಲ್ಲಿಸುತ್ತಾಳೆ. ಅಲ್ಲಿಯವರೆಗೂ ಮುನಿರಾಜುವಿನ ಹೊಟ್ಟೆ ಸುಮ್ಮನಿರುತ್ತದೆ. “ಕೊನೆಯದಾಗಿ, ಇಷ್ಟೆಲ್ಲ ಬೇಯಿಸಿದ ನನಗೆ” ಎಂದ ಮೇಲೆಯೇ ಅದು ಗುರ್ ಎನ್ನುವುದು. ಮದುವೆಯಾದ ಮೇಲೆ ಆ ವಂದನೆ ಆ ಮನೆಯಲ್ಲಿ ಕೇಳಿಬಂದದ್ದು ಇದೇ ಮೊದಲಂತೆ. ಅವಳು ಅದನ್ನು ನಿಧಾನವಾಗಿ ಹೇಳುತ್ತಾಳೆ, ಮುನಿರಾಜು ಎಷ್ಟು ಹೊತ್ತಾದರೂ ಕಾಯುತ್ತಾನೆ.