ಆಮೆಗೆ ಬಡಿಸಿ ಬಾಗಿಲು ಹಾಕಿದ್ದು

ಮನೆಗೆ ಬಂದವರು ಜಗಳ ಆಡಿದರೆ ತಡೆದುಕೊಳ್ಳಬಹುದು. ಹೇಳದೆ ಕೇಳದೆ ವಾರಗಟ್ಟಲೆ ಉಳಿದರೂ ಹೇಗೋ ಸುಧಾರಿಸಬಹುದು. ಆದರೆ ಬಂದವರು ಉಣ್ಣದೆ ಕುಳಿತರೆ ನನಗೆ ಕೈಕಾಲು ತಣ್ಣಗಾಗುತ್ತದೆ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೂ ಮೊದಲು ಕೇಳುವುದು "ಊಟ ಆಯ್ತಾ?" ಎಂದೇ. ಆಗಿಲ್ಲ ಎಂದರೆ ಕರೆದು ಬಡಿಸಬಹುದು, ಆಯಿತು ಎಂದರೆ ನೆಮ್ಮದಿ. ಎರಡನ್ನೂ ಹೇಳದೆ, ಬಡಿಸಿದ್ದನ್ನು ಮುಟ್ಟದೆ, ಕಣ್ಣು ಮಿಟುಕಿಸದೆ ನಮ್ಮನ್ನೇ ನೋಡುತ್ತ ಕುಳಿತವರನ್ನು ಏನು ಮಾಡುವುದು? ಉಡುಪಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಚಮಚ ಹಿಡಿಯುವ ಬಗೆಯಿಂದ ಹಿಡಿದು ಸೀನುವಾಗ ಕರವಸ್ತ್ರ ಅಡ್ಡ ಹಿಡಿಯುವವರೆಗೆ ಎಲ್ಲವನ್ನೂ ಕಲಿಸಿದ್ದರು. ಉಣ್ಣದ ಅತಿಥಿಯ ಪಾಠ ಮಾತ್ರ ಯಾವ ತರಗತಿಯಲ್ಲೂ ಬರಲಿಲ್ಲ.

ನನ್ನ ಅತಿಥಿ ಒಂದು ಆಮೆ. ನಾದಿನಿ ಪ್ರತಿಮಾ ಗಂಡ ಮತ್ತು ಮಗಳೊಂದಿಗೆ ಮಸ್ಕತ್ತಿಗೆ ಹೊರಟಾಗ ಮಣಿಪಾಲದ ಫ್ಲ್ಯಾಟಿನ ಸೋಫಾ ಒಬ್ಬರ ಪಾಲಾಯಿತು, ಫ್ರಿಜ್ಜು ಇನ್ನೊಬ್ಬರ ಪಾಲಾಯಿತು, ಆಮೆ ಕಾಪುವಿನ ನಮ್ಮ ಮನೆಗೆ ಬಂತು. ನಮ್ಮ ಕಾಡಿನ ಆಮೆಯಲ್ಲ. ಅದನ್ನು ಸಾಕಿದರೆ ಪೊಲೀಸರು ಬರುತ್ತಾರೆ. ಇದು ಆಫ್ರಿಕಾದ ಜಾತಿ, ಇದಕ್ಕೆ ಕಾಗದಪತ್ರ ಎಲ್ಲ ಉಂಟು. ಮಗುಚಿಟ್ಟ ಬೋಗುಣಿಯಷ್ಟು ದೊಡ್ಡದು, ಚೆನ್ನಾಗಿ ಬೆಂದ ಬಿಸ್ಕಿಟಿನ ಬಣ್ಣದ ಚಿಪ್ಪು. ಹಾಗಾಗಿ ಪ್ರತಿಮಾಳ ಮಗಳು ಆದ್ಯಾ ಅದಕ್ಕೆ ಬಿಸ್ಕಿಟ್ ಎಂದೇ ಹೆಸರಿಟ್ಟಿದ್ದಳು. ಏರ್‌ಪೋರ್ಟಿಗೆ ಹೋಗುವ ಮೊದಲು ಆ ಹುಡುಗಿ ನನ್ನ ಸೆರಗು ಹಿಡಿದು, "ಮಾಮಿ, ಅವನು ತಿಂದದ್ದನ್ನು ದಿನಾ ನನಗೆ ವಿಡಿಯೋದಲ್ಲಿ ತೋರಿಸಬೇಕು, ಪ್ರಾಮಿಸ್?" ಎಂದಳು. ನಾನು ಪ್ರಾಮಿಸ್ ಎಂದೆ. ತಿನ್ನುವುದು ಏನು ದೊಡ್ಡ ವಿಷಯ ಎಂದುಕೊಂಡಿದ್ದೆ.

ಬಿಸ್ಕಿಟ್ ತಿನ್ನಲಿಲ್ಲ. ಗರಿಕೆ ಇಟ್ಟೆ, ದಾಸವಾಳದ ಎಲೆ ಇಟ್ಟೆ, ತೋಟದ ಒದ್ದೆ ಮೂಲೆಯಿಂದ ಒಂದೆಲಗ ಕಿತ್ತು ತಂದೆ, ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಅಲಂಕಾರಕ್ಕೆಂದು ಮೇಲೊಂದು ಕೆಂಪು ದಾಸವಾಳದ ಹೂ. ಉಗ್ರಾಣದ ಪಕ್ಕದ ಸಣ್ಣ ಕೋಣೆಯಲ್ಲಿ ಅದಕ್ಕೆ ಗೋಣಿಚೀಲ ಹಾಸಿ, ಮರದ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ ಮನೆ ಮಾಡಿಕೊಟ್ಟಿದ್ದೆ. ಸೊಪ್ಪಿನ ಮುಂದೆ ತಂದಿಟ್ಟರೆ 'ಹುಸ್' ಎಂದು ಉಸಿರು ಬಿಟ್ಟು ಕತ್ತು ಒಳಗೆಳೆದುಕೊಳ್ಳುತ್ತಿತ್ತು. ಬಹಳ ದೂರ ನಡೆದು ಬಂದ ಮುದುಕರು ಜಗಲಿಯಲ್ಲಿ ಕುಳಿತಾಗ ಬಿಡುವ ಉಸಿರು ಅದೇ. ಅದಕ್ಕೇ ನಾನು ಮೊದಲ ಸಲ ಕೇಳಿದಾಗ ಹಿಂದಕ್ಕೆ ತಿರುಗಿ ನೋಡಿದೆ. ಮುಖವನ್ನು ಸೊಪ್ಪಿನ ಕಡೆಗೆ ತಿರುಗಿಸಿಟ್ಟು ಹೋದರೆ ಮತ್ತೆ ಬರುವಾಗ ಅದರ ಮುಖ ಬಾಗಿಲ ಕಡೆಗೆ ಇರುತ್ತಿತ್ತು. ನಡೆದದ್ದನ್ನು ನಾನು ಕಂಡದ್ದಿಲ್ಲ. ಗೋಡೆಗೆ ಚಿಪ್ಪು ಉಜ್ಜುವ ಸದ್ದು ಕೇಳುತ್ತಿತ್ತು. ನಾನು ಗುಡಿಸುವುದನ್ನು ನಿಲ್ಲಿಸಿದರೆ ಆ ಸದ್ದೂ ನಿಲ್ಲುತ್ತಿತ್ತು. ಮತ್ತೆ ಗುಡಿಸಿದರೆ ಮತ್ತೆ ಶುರು. ಪರೀಕ್ಷೆ ಮಾಡಲೆಂದು ಒಮ್ಮೆ ಪೊರಕೆಯನ್ನು ಎರಡೇ ಸಲ ಎಳೆದೆ. ಒಳಗೂ ಎರಡೇ ಸಲ. ಆಮೇಲೆ ಆ ಕಡೆ ಗುಡಿಸುವ ಕೆಲಸವನ್ನು ನಮ್ಮವರಿಗೆ ಒಪ್ಪಿಸಿದೆ.

ಮಣಿಪಾಲದ ಪಶುವೈದ್ಯೆಗೆ ಫೋನು ಮಾಡಿದೆ. "ಮನೆ ಬದಲಾದ್ರೆ ಹೀಗೇ. ಬೆಚ್ಚಗೆ ಇಡಿ, ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಆಗಾಗ ಎತ್ತಬೇಡಿ, ನೋಡ್ತಾ ಕೂತ್ಕೊಳ್ಬೇಡಿ. ತೂಕ ಮಾತ್ರ ನೋಡಿಕೊಳ್ಳಿ. ಇನ್ನೂ ಇಳಿದ್ರೆ ತನ್ನಿ, ಟ್ಯೂಬ್ ಹಾಕಬೇಕಾಗ್ತದೆ," ಎಂದರು. ಆ ಸುಕ್ಕುಗಟ್ಟಿದ ಕತ್ತಿನೊಳಗೆ ಟ್ಯೂಬು ಇಳಿಸುವುದೇ? ಟ್ಯೂಬು ಹಾಕಿದರೂ ಉಳಿಯದಿದ್ದರೆ? ಆದ್ಯಾಗೆ ಯಾವ ಬಾಯಿಯಲ್ಲಿ ಹೇಳಲಿ? ಕಾರ್ಕಳದಲ್ಲಿ ಕೋಳಿ ಫಾರ್ಮ್ ಇಟ್ಟಿರುವ ನನ್ನ ತಮ್ಮನಿಂದ ಮರಿಗಳಿಗೆ ಶಾಖ ಕೊಡುವ ಕೆಂಪು ಬಲ್ಬು ತರಿಸಿ ಕೋಣೆಯಲ್ಲಿ ತೂಗಿಸಿದೆವು. ಕೋಣೆ ಬೆಚ್ಚಗಾಯಿತು. ಆದರೆ ಆ ಬೆಳಕಿನಲ್ಲಿ ಗೋಣಿಚೀಲ, ಅಕ್ಕಿ ಡ್ರಮ್ಮು, ಆಮೆಯ ಕಣ್ಣು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ, ಒಳಗೆ ಕಾಲಿಡುವಾಗ ಯಾರದೋ ಬಾಯಿಯೊಳಗೆ ಕಾಲಿಟ್ಟ ಹಾಗಾಗುತ್ತಿತ್ತು.

ಇಷ್ಟಾದರೂ ಸೊಪ್ಪು ಇಟ್ಟ ಹಾಗೇ ಬಾಡುತ್ತಿತ್ತು. ಆಗ ನಮ್ಮ ಅತ್ತೆ ಬಾಯಿ ಬಿಟ್ಟರು. "ನೀನು ಎದುರು ಕೂತು ಬಾಯಿ ನೋಡಿದ್ರೆ ಯಾರಿಗೆ ಇಳೀತದೆ ಮಗಾ? ಬಡಿಸಬೇಕು, ಬಾಗಿಲು ಹಾಕಬೇಕು, ಹೊರಗೆ ಬರಬೇಕು. ಕುಲೆಗಳಿಗೆ ಬಡಿಸ್ಲಿಕ್ಕಿಲ್ವಾ, ಹಾಗೆ."

ಕುಲೆ ಎಂದರೆ ತುಳುವಿನಲ್ಲಿ ತೀರಿಹೋದವರು. ವರ್ಷಕ್ಕೊಮ್ಮೆ ಒಳಕೋಣೆಯಲ್ಲಿ ಅವರಿಗೆ ಬಾಳೆ ಎಲೆ ಹಾಕಿ, ಇಷ್ಟದ ಪದಾರ್ಥ ಬಡಿಸಿ, ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಹೊರಗೆ ಸುಮ್ಮನೆ ಕಾಯುತ್ತೇವೆ. ಉಂಡು ಮುಗಿಸಲು ಹೊತ್ತು ಕೊಟ್ಟು, ಹಿರಿಯರು ಕೆಮ್ಮಿ ಸೂಚನೆ ಕೊಟ್ಟ ಮೇಲೆಯೇ ಬಾಗಿಲು ತೆಗೆಯುವುದು. ಈ ಮನೆಯಲ್ಲಿ ಮಾವನವರಿಗೆ ಎಲೆ ಹಾಕುವುದು ಉಗ್ರಾಣದ ಪಕ್ಕದ ಆ ಕೋಣೆಯಲ್ಲೇ. ಆಮೆಗೆ ಅದೇ ಜಾಗ ಕೊಡುವಾಗ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಅತ್ತೆಗೆ ಹೊಳೆದಿತ್ತೆಂದು ಕಾಣುತ್ತದೆ.

ಮರುದಿನ ಮಧ್ಯಾಹ್ನ ಬಾಳೆಯ ಕುಡಿ ಎಲೆಯಲ್ಲಿ ಸೊಪ್ಪನ್ನೆಲ್ಲ ಬಡಿಸಿ, ಹೂವಿಟ್ಟು, ಬಾಗಿಲು ಹಾಕಿ ಸ್ವಲ್ಪ ಅಡ್ಡಾದೆ. ಎದ್ದು ಬಂದು ನೋಡಿದರೆ ಎಲೆ ಖಾಲಿ! ನೀರು ಒರೆಸಿಟ್ಟ ಹಾಗೆ ಖಾಲಿ. ಬಿಸ್ಕಿಟ್ ಪೆಟ್ಟಿಗೆಯೊಳಗೆ ಬಾಗಿಲ ಕಡೆಗೆ ಮುಖ ಮಾಡಿ ಕುಳಿತಿತ್ತು. ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ದಂಟಿನ ನಾರು ತೆಗೆಯುತ್ತ, "ನಾನು ಹೇಳ್ಲಿಲ್ವಾ? ನಿನ್ನ ಮಾವ ಸಹ ಹಾಗೇ, ನೋಡಿದ್ರೆ ಉಣ್ತಿರ್ಲಿಲ್ಲ," ಎಂದರು.

ಹಾಗೆ ಕ್ರಮವೊಂದು ಕೂಡಿಬಂತು. ಬಡಿಸುವುದು, ಬಾಗಿಲು ಹಾಕುವುದು, ನಾನು ಮಲಗುವುದು, ಎಲೆ ಖಾಲಿಯಾಗುವುದು. ಆದ್ಯಾ ಮಾತ್ರ ಪಟ್ಟು ಬಿಡಲಿಲ್ಲ. "ಖಾಲಿ ಎಲೆ ಬೇಡ ಮಾಮಿ, ತಿನ್ನುವುದು ತೋರಿಸಿ." ನಮ್ಮವರು ತಮ್ಮ ಫೋನನ್ನು ರೆಕಾರ್ಡಿಂಗಿಗೆ ಹಾಕಿ ಡ್ರಮ್ಮಿಗೆ ಒರಗಿಸಿಟ್ಟು, ಅತ್ತೆಯನ್ನೂ ನನ್ನನ್ನೂ ಹೊರಗೆ ಕೂರಿಸಿ, ಬಾಗಿಲಿಗೆ ಚಿಲಕ ಹಾಕಿದರು. ಆಮೇಲೆ ನೋಡಿದರೆ ಉದ್ದಕ್ಕೂ ಒಂದೇ ದೃಶ್ಯ: ಕೆಂಪು ಬೆಳಕು, ಮುಟ್ಟದ ಎಲೆ, ಕತ್ತು ಚಾಚಿ ಫೋನಿನೊಳಗೆ ನಮ್ಮನ್ನೇ ನೋಡುತ್ತಿರುವ ಬಿಸ್ಕಿಟ್. ಮರುದಿನ ಫೋನಿಲ್ಲದೆ ಬಡಿಸಿದೆವು. ಎಲೆ ಖಾಲಿ.

ನಮ್ಮ ಹಿತ್ತಲಿಗೆ ಕರಿಬೇವು ಕೀಳಲು ಬರುವ ನೆರೆಮನೆಯ ಲೀಲಕ್ಕ ಒಂದು ದಿನ ಕಿಟಕಿಯ ಹತ್ತಿರ ನಿಂತು ಕೇಳಿದರು. "ಎಂತ ಮಾರಾಯ್ತಿ ಅದು, ನಡುಮಧ್ಯಾಹ್ನ ನಿಮ್ಮ ಒಳಗೆ ಕೆಂಪು ಕೆಂಪು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಣ್ಣಗೆ, "ಅದಾ? ಬಡಿಸಿ ಬಾಗಿಲು ಹಾಕಿದ್ದು. ದಿನಾ ಉಣ್ತಾರೆ ಈಗ," ಎಂದರು.

ಲೀಲಕ್ಕ ಕಿತ್ತ ಕರಿಬೇವನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಹೋದರು. ಈಗ ಅವರಿಗೆ ಬೇರೆ ಯಾರದೋ ಗಿಡ ಸಿಕ್ಕಿದೆಯಂತೆ.

ನನ್ನ ನೆಮ್ಮದಿ ಕೆಡಿಸಿದ್ದು ನಮ್ಮವರು. ಕೋಣೆ ಗುಡಿಸಿ ಬಂದವರು ಪೊರಕೆ ಹಿಡಿದೇ ಕೇಳಿದರು. "ಅಲ್ಲ, ಅದು ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ? ನಾನು ಗುಡಿಸ್ಲಿಕ್ಕೆ ಶುರು ಮಾಡಿದ ಮೇಲೆ ಒಂದು ಹಿಕ್ಕೆ ಸಹ ಸಿಕ್ಕಿಲ್ಲ."

ಗೃಹಿಣಿಯಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅಡಿಗೆಮನೆಯ ತಕ್ಕಡಿ ತಂದು ಬಿಸ್ಕಿಟನ್ನು ಕೂರಿಸಿದೆ. ಬಂದಾಗ ಇದ್ದದ್ದಕ್ಕಿಂತ ಹಗುರ. ಎತ್ತುವಾಗಲೇ ಕೈಗೆ ತಿಳಿದಿತ್ತು. ಒಳಗೆ ಯಾರೂ ಇಲ್ಲದ ಮನೆಯ ಹಾಗೆ ಚಿಪ್ಪು ಹಗುರವಾಗಿತ್ತು. ಎಲೆ ದಿನವೂ ಖಾಲಿಯಾಗುತ್ತಿದೆ, ಆಮೆ ದಿನವೂ ಇಳಿಯುತ್ತಿದೆ. ಹಾಗಾದರೆ ಉಣ್ಣುತ್ತಿರುವುದು ಯಾರು? ಇಲಿಯಾದರೆ ಚೂರು ಬಿಡುತ್ತದೆ, ಎಲೆಯನ್ನೂ ಕಡಿಯುತ್ತದೆ. ಇಷ್ಟು ಮರ್ಯಾದೆಯಿಂದ ಉಣ್ಣುವ ಇಲಿಯನ್ನು ನಾನು ಕಂಡಿಲ್ಲ. ಅತ್ತೆಯ ಹತ್ತಿರ ಹೇಳಿದರೆ, "ಬಡಿಸಿದ್ದನ್ನು ಯಾರಾದ್ರೂ ಉಂಡ್ರಾಯ್ತಲ್ಲ ಮಗಾ," ಎಂದು ಹೊಳೆಯುವ ತಲೆಗೂದಲನ್ನು ಗಂಟು ಹಾಕಿಕೊಂಡರು. ಇತ್ತೀಚೆಗೆ ಅವರ ಕೂದಲು ಬಹಳ ನುಣುಪಾಗಿತ್ತು. ಅದನ್ನು ನಾನು ಗಮನಿಸಿದ್ದೆ. ಎಣ್ಣೆ ಬದಲಿಸಿರಬೇಕು ಎಂದುಕೊಂಡಿದ್ದೆ.

ಮರುದಿನ ಬಡಿಸಿ, ಬಾಗಿಲು ಹಾಕಿ, ಆದರೆ ಒಳಗೇ ಉಳಿದೆ. ಅಕ್ಕಿ ಡ್ರಮ್ಮಿನ ಹಿಂದೆ, ಗೋಡೆಗೆ ಮುಖ ಮಾಡಿ ಕುಳಿತೆ. ನೋಡಲು ಬಂದವಳು ಗೋಡೆಗೇಕೆ ಮುಖ ಮಾಡಿದೆ ಎಂದು ಕೇಳಬೇಡಿ. ಡಾಕ್ಟರು ನೋಡಬಾರದು ಎಂದಿದ್ದರು, ಅದು ಒಂದು. ಇನ್ನೊಂದು, ನೋಡಿದರೆ ಆಮೆಯಲ್ಲದೆ ಬೇರೆ ಯಾರಾದರೂ ಕಂಡಾರು ಎಂಬುದು. ಕಿವಿ ಸಾಕು ಎಂದುಕೊಂಡೆ. ಹೊರಗೆ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಸಮುದ್ರದ ಸದ್ದು ಕೂಡ ಮಧ್ಯಾಹ್ನದ ನಿದ್ದೆಗೆ ಹೋದಂತಿತ್ತು. ಬಲ್ಬಿನ ಶಾಖ ಬೆನ್ನಿಗೆ ತಾಗುತ್ತಿತ್ತು. ಅದು ಬಲ್ಬಿನದೇ ಶಾಖ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ, ಮನೆಯ ದೈವದ ಹೆಸರು, ಎರಡನ್ನೂ ಪಾಳಿಯಲ್ಲಿ ಹೇಳಿದೆ. ಯಾರ ಸರಹದ್ದಿಗೆ ಬರುವ ವಿಷಯವೋ ಗೊತ್ತಿಲ್ಲವಲ್ಲ.

ಆಗ ಬಾಗಿಲ ಹೊರಗೆ ಯಾರೋ ಕೆಮ್ಮಿದರು.

ಬಾಗಿಲು ಮೆಲ್ಲಗೆ ತೆರೆಯಿತು. ಬರಿಗಾಲು ನೆಲದ ಮೇಲೆ ಸರಿದು ಎಲೆಯ ಹತ್ತಿರ ಬಂದು ನಿಂತಿತು. ಸೊಪ್ಪು ಎತ್ತುವ ಸರಸರ ಸದ್ದು. ನಾನು ತಡೆಯಲಾರದೆ ಎದ್ದು ನಿಂತೆ. ನನ್ನ ಕೆದರಿದ ಕೂದಲು, ಕೆಂಪು ಬೆಳಕು, ಡ್ರಮ್ಮಿನ ಹಿಂದಿನಿಂದ ಮೇಲೆದ್ದ ಬಿಳಿ ನೈಟಿ. ಎದುರಿಗಿದ್ದವರು "ಅಯ್ಯೋ, ಉಂಟು!" ಎಂದು ಕಿರುಚಿ, ಹಿಡಿದದ್ದನ್ನೆಲ್ಲ ಚೆಲ್ಲಿ, ನಿಂತಲ್ಲೇ ಕುಸಿದು ಕುಳಿತರು. ನಮ್ಮ ಅತ್ತೆ. ಇಷ್ಟು ವರ್ಷ ಕುಲೆಗಳಿಗೆ ಭಯವಿಲ್ಲದೆ ಬಡಿಸಿದವರು, ಒಂದನ್ನು ಕಂಡೆನೆಂದುಕೊಂಡ ಕೂಡಲೇ ನೆಲ ಹಿಡಿದಿದ್ದರು.

"ನಾನೇ ಅತ್ತೆ, ನಾನೇ!"

"ನೀನು ಅಂತ ಮೊದಲು ಹೇಳ್ಲಿಕ್ಕಾಗುದಿಲ್ವಾ? ಒಳಗೆ ಕೂತವರು ಕೆಮ್ಮಬೇಕು!"

"ಅದಿರ್ಲಿ, ನೀವು ಸೊಪ್ಪು ತೆಗೆದುಕೊಂಡು ಎಲ್ಲಿಗೆ ಹೊರಟದ್ದು?"

ಅತ್ತೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಿಗೆ ಅಂದ್ರೆ? ಬಡಿಸಿ ಬಾಗಿಲು ತೆಗೆದ ಮೇಲೆ ಅದನ್ನು ಮನೆಯವರು ಉಣ್ಣಬೇಕಲ್ವಾ? ಬಿಸಾಡ್ಲಿಕ್ಕುಂಟಾ? ನೀನು ಮಲಗ್ತೀ ಅಂತ ನಾನೇ ತೆಗೀತೇನೆ. ಎಲೆ ಮಾತ್ರ ಬಡಿಸಿದವರೇ ಎತ್ತಬೇಕು, ಅದಕ್ಕೆ ಬಿಟ್ಟದ್ದು."

ಅವರು ಏನನ್ನೂ ಅಡಗಿಸಿರಲಿಲ್ಲ, ಪಾಪ. ಕ್ರಮವನ್ನು ಪೂರ್ತಿ ಮಾಡಿದ್ದರು, ಅಷ್ಟೇ. ನಾನು ಅರ್ಧ ಮಾತ್ರ ತಿಳಿದುಕೊಂಡಿದ್ದೆ. ರಾತ್ರಿಯ ಊಟಕ್ಕೆ ಬರುತ್ತಿದ್ದ ಒಂದೆಲಗದ ಚಟ್ನಿ, ನಮ್ಮವರು ಎರಡೆರಡು ಸಲ ಹಾಕಿಸಿಕೊಂಡ ನುಗ್ಗೆ ಸೊಪ್ಪಿನ ಪಲ್ಯ, ಹರಿವೆ ಸಾಂಬಾರು ಎಲ್ಲವೂ ಬಿಸ್ಕಿಟಿನ ಎಲೆಯಿಂದ ಎದ್ದು ಬಂದದ್ದು. ಗರಿಕೆ ಪಕ್ಕದ ಮನೆಯ ಕರುವಿಗೆ. ದಾಸವಾಳದ ಎಲೆಯನ್ನು ಅತ್ತೆ ಅರೆದು ತಲೆಗೆ ಹಚ್ಚಿಕೊಂಡಿದ್ದರು. ಒಂದು ಮೂಕಪ್ರಾಣಿಯ ಬಾಯಿಯ ಮುಂದಿನಿಂದ ಎತ್ತಿ ನಾವು ಮೂವರೂ ಮೈಕೈ ತುಂಬಿಕೊಂಡಿದ್ದೆವು. ನನಗೆ ನಗು, ಅಳು ಒಟ್ಟಿಗೇ ಬಂತು. ಅತ್ತೆಯೂ ಶುರು ಮಾಡಿದರು. ಇಬ್ಬರೂ ಆ ಕೆಂಪು ಬೆಳಕಿನಲ್ಲಿ ನೆಲದ ಮೇಲೆ ಕುಳಿತು, ಕೈಯನ್ನು ಬಾಯಿಗೊತ್ತಿಕೊಂಡು ನಕ್ಕೆವು.

"ಆಯ್ತು, ಸೊಪ್ಪು ನೀವು ತೆಗೆದ್ರಿ. ಹೂವನ್ನು ಎಂತ ಮಾಡಿದ್ರಿ?" ಎಂದೆ.

"ಯಾವ ಹೂ?"

"ದಿನಾ ಮೇಲೆ ಇಡ್ತೇನಲ್ಲ, ಕೆಂಪು ದಾಸವಾಳ."

ಅತ್ತೆಯ ನಗು ನಿಂತಿತು. "ಹೂ ನಾನು ಒಂದು ದಿನ ಸಹ ಕಾಣ್ಲಿಲ್ಲ ಮಗಾ. ನಾನು ಬರುವಾಗ ಬರೀ ಸೊಪ್ಪು."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಗಲೇ ಬೆನ್ನ ಹಿಂದೆ, ಸೊಪ್ಪು ಚೆಲ್ಲಿದ ಕಡೆಯಿಂದ, ಸದ್ದು ಕೇಳಿಸಿತು. ಕರ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಕರ್. ಒಣ ಕಾಗದವನ್ನು ಯಾರೋ ನಿಧಾನವಾಗಿ, ಯೋಚಿಸಿ ಯೋಚಿಸಿ ಹರಿದ ಹಾಗೆ. ಅತ್ತೆ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಅವರೂ ತಿರುಗಲಿಲ್ಲ, ನಾನೂ ತಿರುಗಲಿಲ್ಲ. "ಮಾತಾಡ್ತಾ ಇರು," ಎಂದರು ಪಿಸುದನಿಯಲ್ಲಿ. ನಾನು ಬಾಯಿಗೆ ಬಂದದ್ದನ್ನು, ಬೂತಾಯಿ ಮೀನು ಈ ಸಲ ಎಷ್ಟು ಸಣ್ಣ ಬರುತ್ತಿದೆ ಎಂಬುದನ್ನು, ಹೇಳತೊಡಗಿದೆ. ಕರ್ ಕರ್ ಎಂಬುದು ನಿಲ್ಲಲೇ ಇಲ್ಲ.

ಅಂದಿನಿಂದ ನಾವಿಬ್ಬರೂ ಮಧ್ಯಾಹ್ನದ ಊಟ ಮಾಡುವುದು ಅಲ್ಲೇ. ಬಾಗಿಲು ಹಾಕಿ, ಗೋಡೆಗೆ ಮುಖ ಮಾಡಿ, ಮಾತಾಡುತ್ತ. ಆದ್ಯಾಗೆ ಸದ್ದನ್ನಷ್ಟೇ ಕೇಳಿಸುತ್ತೇನೆ. "ಅವನೇ ಮಾಮಿ, ಅವನದ್ದೇ ಸೌಂಡ್!" ಎಂದು ಮೊದಲ ದಿನ ಅತ್ತುಬಿಟ್ಟಳು ಹುಡುಗಿ. ತೂಕ ಏರಿದೆ. ನಮ್ಮವರು ಗುಡಿಸಲು ಸಾಕಷ್ಟು ಸಿಗುತ್ತಿದೆ ಎಂದು ಗೊಣಗುತ್ತಾರೆ. ಅದು ತಿನ್ನುವುದನ್ನು ನಾನು ಇಂದಿನವರೆಗೂ ಕಣ್ಣಾರೆ ಕಂಡಿಲ್ಲ. ಹೂವಿನ ಲೆಕ್ಕವನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ.

ಮೊನ್ನೆ ತೋರಿಸಲು ಕೊಂಡುಹೋದಾಗ ಡಾಕ್ಟರು ಚಿಪ್ಪು ತಟ್ಟಿ, "ಗಟ್ಟಿ ಉಂಟು. ನಿಮ್ಮೆಲ್ಲರಿಗಿಂತ ಹೆಚ್ಚು ಬದುಕ್ತದೆ," ಎಂದರು. ಮನೆಗೆ ಬಂದು ಹೇಳಿದೆ. ಅತ್ತೆ ಗೋಡೆಯ ಕಡೆಗೆ ನೋಡುತ್ತಲೇ ಒಂದು ತುತ್ತು ನುಂಗಿ, ಸಮಾಧಾನದಿಂದ, "ಒಳ್ಳೇದಾಯ್ತು. ಮುಂದೆ ನಮಗೆ ಇದೇ ಕೋಣೆಯಲ್ಲಿ ಎಲೆ ಹಾಕ್ತಾರಲ್ಲ, ಆಗ ಒಟ್ಟಿಗೆ ಉಣ್ಲಿಕ್ಕೆ ಒಬ್ಬ ಇರ್ತಾನೆ," ಎಂದರು.

ಅವರಿಗೆ ಸಮಾಧಾನವಾಯಿತು. ನನಗೆ ಅಂದಿನಿಂದ ಊಟ ಸರಿಯಾಗಿ ಸೇರುತ್ತಿಲ್ಲ. ಜೀವಮಾನವಿಡೀ ಮನೆಯವರ ನಾಲಿಗೆಗೆ ಬೇಕಾದದ್ದನ್ನೇ ಬೇಯಿಸಿದವಳು ನಾನು. ಸತ್ತ ಮೇಲಾದರೂ ನನ್ನ ಇಷ್ಟದ್ದು ಎಲೆಗೆ ಬಿದ್ದೀತೆಂದು ಒಂದು ಆಸೆ ಇಟ್ಟುಕೊಂಡಿದ್ದೆ. ಈಗ ನೋಡಿದರೆ ಬಿಸ್ಕಿಟಿನ ಜೊತೆ ಒಂದೇ ಎಲೆ, ಅಲ್ಲೂ ಗರಿಕೆ, ಹರಿವೆ! ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಸ್ವಲ್ಪ ಸ್ವಲ್ಪವಾಗಿ ಈಗಿನಿಂದಲೇ ಅದಕ್ಕೆ ಅಭ್ಯಾಸ ಮಾಡಿಸಬಹುದೇ ಎಂದು ಡಾಕ್ಟರಿಗೆ ವಾಟ್ಸಾಪ್ ಮಾಡಿದ್ದೇನೆ. ಅವರು ನೋಡಿದ್ದಾರೆ, ನೀಲಿ ಗುರುತು ಬಂದಿದೆ. ಉತ್ತರ ಬಂದಿಲ್ಲ.